4ಎಲ್60ಇ ಇಳಿಸಿ 4ಎಲ್80ಇ ಕೂರಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ 1999ರಿಂದ 2006ರವರೆಗೆ ತಯಾರಾದ ಶೆವರ್ಲೆ ಸಿಲ್ವರಾಡೊ 1500, ಟಾಹೊ, ಜಿಎಂಸಿ ಸಿಯೆರಾ 1500 ಮುಂತಾದ ವಾಹನಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 4ಎಲ್60ಇ. ಅಲ್ಲಿ ನೆಲೆಸಿರುವ ನಮ್ಮವರಲ್ಲೂ ದೋಣಿಯ ಟ್ರೇಲರ್ ಎಳೆಯಲೋ ತೋಟದ ಸಾಮಾನು ಸಾಗಿಸಲೋ ಇವನ್ನು ಇಟ್ಟುಕೊಂಡವರಿದ್ದಾರೆ. ಈ ಗೇರ್‌ಬಾಕ್ಸ್ ಎರಡನೆಯ ಬಾರಿ ಕೈಕೊಟ್ಟಾಗ ಅದನ್ನೇ ಮತ್ತೆ ರಿಪೇರಿ ಮಾಡಿಸುವ ಬದಲು, ಅದೇ ಕಂಪನಿ (ಜನರಲ್ ಮೋಟಾರ್ಸ್) ಮುಕ್ಕಾಲು ಟನ್ ಮತ್ತು ಒಂದು ಟನ್ ವರ್ಗದ ಭಾರಿ ವಾಹನಗಳಿಗೆಂದು ಮಾಡಿದ 4ಎಲ್80ಇ ಕೂರಿಸಲು ಹಲವರು ಹೊರಡುತ್ತಾರೆ. ತೀರ್ಮಾನ ಸರಿಯಾದದ್ದೇ. ಆದರೆ ಕೆಲಸ ನಿಲ್ಲುವುದು ಪ್ರತಿ ಸಲವೂ ಅದೇ ಮೂರು ಜಾಗಗಳಲ್ಲಿ: ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ತಿರುಗುಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಕೂರುವ ಆಳ, ವೈರಿಂಗ್ ಮತ್ತು ಇಂಜಿನ್-ಗೇರ್‌ಬಾಕ್ಸುಗಳನ್ನು ನಡೆಸುವ ಕಂಪ್ಯೂಟರ್. ಭಾರವಾದ ಗೇರ್‌ಬಾಕ್ಸನ್ನು ಎತ್ತಿ ಕೂರಿಸುವುದೇ ದೊಡ್ಡ ಕೆಲಸವೆಂದು ತಿಳಿದು ಉಳಿದದ್ದನ್ನು ಕೊನೆಗೆ ಬಿಡುವುದರಿಂದ ಹೀಗಾಗುತ್ತದೆ. ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ.

ಇಲ್ಲಿನ ವಿವರಗಳು 4.8 ಅಥವಾ 5.3 ಲೀಟರ್ ಇಂಜಿನ್ ಇರುವ, ಹಿಂದಿನ ಎರಡು ಚಕ್ರಗಳಿಂದ ಮಾತ್ರ ಚಲಿಸುವ ವಾಹನಗಳಿಗೆ ಅನ್ವಯಿಸುತ್ತವೆ. ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಒಳಶಾಫ್ಟ್ 27 ಹಲ್ಲುಗಳದ್ದಾಗಿದ್ದು, 4ಎಲ್80ಇಯ ಹೊರಶಾಫ್ಟ್ 32 ಹಲ್ಲುಗಳದ್ದಾಗಿರುವುದರಿಂದ ಟ್ರಾನ್ಸ್‌ಫರ್ ಕೇಸನ್ನೋ ಅದರ ಒಳಶಾಫ್ಟನ್ನೋ ಬದಲಿಸಲೇಬೇಕಾಗುತ್ತದೆ. ಆ ಕೆಲಸ ಇಲ್ಲಿಯ ವ್ಯಾಪ್ತಿಗೆ ಬರುವುದಿಲ್ಲ.

## ಮೊದಲು ಲೆಕ್ಕ ಹಾಕಿ

4ಎಲ್60ಇಯಲ್ಲಿ ಪದೇ ಪದೇ ಸೋಲುವ ಭಾಗಗಳು ಎರಡು. ಮೂರನೆಯ ಮತ್ತು ನಾಲ್ಕನೆಯ ಗೇರುಗಳ ಕ್ಲಚ್ ಪ್ಯಾಕ್ ಸುಟ್ಟರೆ ಆ ಎರಡು ಗೇರುಗಳು ಹೋಗುತ್ತವೆ. ಸನ್ ಶೆಲ್ (ಒಳಗಿನ ಸನ್ ಗೇರನ್ನು ತಿರುಗಿಸುವ ಲೋಹದ ಚಿಪ್ಪು) ಮುರಿದರೆ ಎರಡನೆಯ, ನಾಲ್ಕನೆಯ ಮತ್ತು ರಿವರ್ಸ್ ಗೇರುಗಳು ಒಟ್ಟಿಗೆ ಹೋಗುತ್ತವೆ. ನಿಮ್ಮ ತೊಂದರೆ ಇವೆರಡರಲ್ಲಿ ಒಂದಾಗಿದ್ದು, ವಾಹನ ಭಾರ ಎಳೆಯುವಂಥದ್ದಾಗಿದ್ದರೆ ಬದಲಾವಣೆಗೆ ಅರ್ಥವಿದೆ. ಬರೀ ಸೆನ್ಸರ್ ಕೆಟ್ಟಿದ್ದಕ್ಕೆ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ.

ಗೇರ್ ಅನುಪಾತದ ಲೆಕ್ಕವನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ. 4ಎಲ್60ಇಯ ಅನುಪಾತಗಳು 3.06, 1.63, 1.00 ಮತ್ತು 0.70. 4ಎಲ್80ಇಯಲ್ಲಿ ಅವು 2.48, 1.48, 1.00 ಮತ್ತು 0.75. ಹಿಂದಿನ ಆಕ್ಸಲಿನ ಗೇರ್ ಅನುಪಾತ 3.42 ಆಗಿದ್ದರೆ ಮೊದಲ ಗೇರಿನ ಒಟ್ಟು ಅನುಪಾತ 10.47ರಿಂದ 8.48ಕ್ಕೆ ಇಳಿಯುತ್ತದೆ, ಅಂದರೆ ನಿಂತಲ್ಲಿಂದ ಹೊರಡುವಾಗ ವಾಹನ ಮೊದಲಿಗಿಂತ ಮಂದವಾಗುತ್ತದೆ. 4.10ರ ಆಕ್ಸಲ್ ಹಾಕಿದರೆ ಅದು 10.17 ಆಗಿ, ಹೆಚ್ಚುಕಡಿಮೆ ಹಳೆಯ ಚುರುಕು ಮರಳುತ್ತದೆ. ಹಳೆಯ ಆಕ್ಸಲನ್ನೇ ಉಳಿಸಿಕೊಂಡರೆ ಹೆದ್ದಾರಿಯಲ್ಲಿ ನಿಮಿಷಕ್ಕೆ 2000 ಸುತ್ತಿನಲ್ಲಿ ಓಡುತ್ತಿದ್ದ ಇಂಜಿನ್ ಸುಮಾರು 2140 ಸುತ್ತಿಗೆ ಏರುತ್ತದೆ. ಗೇರ್‌ಬಾಕ್ಸ್ ಕೂರಿಸಿದ ಮೇಲೆ "ಗಾಡಿ ಎಳೆಯುತ್ತಿಲ್ಲ, ಎಲ್ಲೋ ಸ್ಲಿಪ್ ಆಗುತ್ತಿದೆ" ಎಂದು ಹುಡುಕಾಡುವವರಲ್ಲಿ ಅನೇಕರ ವಾಹನದಲ್ಲಿ ದೋಷವೇ ಇರುವುದಿಲ್ಲ, ಇರುವುದು ಈ ಅನುಪಾತದ ಬದಲಾವಣೆ ಮಾತ್ರ.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ಹೊಗೆ ತಪಾಸಣೆಯಲ್ಲಿ 2021ರ ಜುಲೈನಿಂದ ಇಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಾಗಿದೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ. ಈ ಬದಲಾವಣೆಗೆ ಕಂಪ್ಯೂಟರನ್ನು ಮತ್ತೆ ಬರೆಯುವುದು ಅನಿವಾರ್ಯವಾದ್ದರಿಂದ, ಒಂದು ಬೋಲ್ಟನ್ನೂ ಮುಟ್ಟುವ ಮುನ್ನ ತಪಾಸಣಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

## ಬೇಕಾಗುವ ಉಪಕರಣಗಳು

4ಎಲ್60ಇಯ ತೂಕ ಆಯಿಲ್ ಇಲ್ಲದೆ ಸುಮಾರು 68 ಕಿಲೊ, 4ಎಲ್80ಇಯದ್ದು ಸುಮಾರು 110 ಕಿಲೊ. ಆದ್ದರಿಂದ ಸರಪಳಿಯಿಂದ ಬಿಗಿಯಬಹುದಾದ, ತಲೆಯನ್ನು ಹಿಂದೆ ಮುಂದೆ ಓರೆ ಮಾಡಬಹುದಾದ ಟ್ರಾನ್ಸ್‌ಮಿಷನ್ ಜಾಕ್ ಕಡ್ಡಾಯ. ಸಾಮಾನ್ಯ ಜಾಕಿನ ಮೇಲೆ ಹಲಗೆಯಿಟ್ಟು ಇಬ್ಬರು ಹಿಡಿದುಕೊಳ್ಳುವ ಪದ್ಧತಿ ಈ ತೂಕಕ್ಕೆ ಪ್ರಾಣಾಪಾಯದ್ದು. ಜೊತೆಗೆ ನಾಲ್ಕು ಗಟ್ಟಿ ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, 15 ಮಿಲಿಮೀಟರ್ ಸಾಕೆಟ್, ಬೆಲ್ ಹೌಸಿಂಗಿನ (ಇಂಜಿನ್ನಿಗೆ ಸೇರುವ, ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗದ) ಮೇಲಿನ ಬೋಲ್ಟುಗಳನ್ನು ತಲುಪುವಷ್ಟು ಉದ್ದದ ಎಕ್ಸ್‌ಟೆನ್ಷನ್‌ಗಳು, ಡಿಜಿಟಲ್ ಕೋನಮಾಪಕ, ವರ್ನಿಯರ್ ಕ್ಯಾಲಿಪರ್, ಮಲ್ಟಿಮೀಟರ್ ಮತ್ತು ಗೇರ್‌ಬಾಕ್ಸಿನ ಸೆನ್ಸರ್ ಅಂಕಿಗಳನ್ನು ಓಡುವಾಗಲೇ ತೋರಿಸುವ ಸ್ಕ್ಯಾನರ್ ಬೇಕು. ನಿಮ್ಮ ವಾಹನದ ವರ್ಷಕ್ಕೆ ಸೇರಿದ ವೈರಿಂಗ್ ನಕ್ಷೆಯೊಂದನ್ನು, 4ಎಲ್80ಇ ಇರುವ ಅದೇ ವರ್ಷದ ವಾಹನದ ನಕ್ಷೆಯೊಂದನ್ನು ಮುದ್ರಿಸಿ ಪಕ್ಕದಲ್ಲಿಟ್ಟುಕೊಳ್ಳಿ.

## ಹಂತ 1: ಸರಿಯಾದ 4ಎಲ್80ಇ ಆರಿಸುವುದು

ಗುಜರಿಯಲ್ಲಿ ಹುಡುಕುವಾಗ 6.0 ಲೀಟರ್ ಪೆಟ್ರೋಲ್ ಇಂಜಿನ್ ಇದ್ದ ಎಕ್ಸ್‌ಪ್ರೆಸ್ 2500 ಅಥವಾ 3500 ವ್ಯಾನ್, ಸಬರ್ಬನ್ 2500, ಸಿಲ್ವರಾಡೊ 2500ಎಚ್‌ಡಿಯಂಥವುಗಳನ್ನು ನೋಡಿ. 1997ರಿಂದ ಈಚಿನ ಗೇರ್‌ಬಾಕ್ಸೇ ಆಗಬೇಕು, ಏಕೆಂದರೆ ಆ ವರ್ಷದಿಂದ ಕೂಲರಿನಿಂದ ಮರಳುವ ಆಯಿಲಿನ ದಾರಿ ಹಿಂದಕ್ಕೆ ಸರಿದು ಹಿಂಭಾಗದ ಗೇರುಗಳಿಗೆ ಆಯಿಲ್ ಚೆನ್ನಾಗಿ ತಲುಪುತ್ತದೆ.

ಖರೀದಿಗೆ ಮುನ್ನ ಕೆಳಗಿನ ಪ್ಯಾನ್ ಬಿಚ್ಚಿಸಿ ನೋಡಿ. ಒಳಗಿನ ಅಯಸ್ಕಾಂತಕ್ಕೆ ತೆಳುವಾದ ಬೂದು ಬಣ್ಣದ ಲೇಪ ಅಂಟಿಕೊಂಡಿರುವುದು ಸಹಜ. ಬೆರಳಿನಿಂದ ಉಜ್ಜಿದರೆ ಅದು ನುಣ್ಣಗೆ ಹರಡಬೇಕು. ಬೆರಳಿಗೆ ಚೂರುಗಳು ಸಿಕ್ಕರೆ, ಪ್ಯಾನಿನ ಮೂಲೆಯಲ್ಲಿ ಹಿತ್ತಾಳೆಯ ಹೊಳಪು ಕಂಡರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಅದನ್ನು ಅಲ್ಲೇ ಬಿಡಿ. ಪ್ಯಾನ್ ಬಿಚ್ಚಲು ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ಅದೇ ವಾಹನದಿಂದ ಟಾರ್ಕ್ ಕನ್ವರ್ಟರ್, ಫ್ಲೆಕ್ಸ್‌ಪ್ಲೇಟ್ (ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿಗೂ ಕನ್ವರ್ಟರಿಗೂ ನಡುವಿನ ಲೋಹದ ತಟ್ಟೆ), ಅದರ ಸ್ಪೇಸರ್ (ಅಂತರ ತುಂಬುವ ಬಿಲ್ಲೆ), ಬೋಲ್ಟುಗಳು, ಡಿಪ್‌ಸ್ಟಿಕ್ ಮತ್ತು ಅದರ ಕೊಳವೆ, ಗೇರ್ ಕೇಬಲಿನ ಬ್ರಾಕೆಟ್ ಮತ್ತು ಲಿವರ್, ಪಾರ್ಕ್-ನ್ಯೂಟ್ರಲ್ ಸ್ವಿಚ್, ಹಿಂದಿನ ಮೌಂಟ್, ಸ್ಲಿಪ್ ಯೋಕ್ (ಪ್ರೊಪೆಲ್ಲರ್ ಶಾಫ್ಟನ್ನು ಗೇರ್‌ಬಾಕ್ಸಿಗೆ ಸೇರಿಸುವ, ಒಳಗೆ ಹೊರಗೆ ಜಾರುವ ತುದಿ), ಎರಡು ವೇಗ ಸೆನ್ಸರುಗಳ ಕನೆಕ್ಟರುಗಳನ್ನು ಒಂದು ಗೇಣು ವೈರಿನೊಂದಿಗೆ ತೆಗೆದುಕೊಳ್ಳಿ. ಇವನ್ನು ಆಮೇಲೆ ಬಿಡಿಬಿಡಿಯಾಗಿ ಹೊಂದಿಸಲು ಹೋದರೆ ಖರ್ಚು ಬಹಳ ಹೆಚ್ಚುತ್ತದೆ.

## ಹಂತ 2: ಬಿಚ್ಚುವ ಮುನ್ನ ಅಳತೆ

ವಾಹನ ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ಮೇಲೆ ನಿಂತಿರುವಾಗಲೇ ಗೇರ್‌ಬಾಕ್ಸಿನ ಕೋನ, ಪ್ರೊಪೆಲ್ಲರ್ ಶಾಫ್ಟಿನ ಕೋನ ಮತ್ತು ಹಿಂದಿನ ಆಕ್ಸಲಿನ ಪಿನಿಯನ್ (ಶಾಫ್ಟ್ ಬಂದು ಸೇರುವ ಗೇರ್) ಕೋನವನ್ನು ಅಳೆದು ಬರೆದಿಡಿ. ಹೊಸ ಗೇರ್‌ಬಾಕ್ಸ್ ಕೂತ ಮೇಲೆ ಇದೇ ಕೋನಕ್ಕೆ ತರಬೇಕು. ಈ ಅಳತೆ ಇಲ್ಲದವರು ಕೊನೆಯಲ್ಲಿ ಗಂಟೆಗೆ 90-100 ಕಿಲೋಮೀಟರ್ ವೇಗದಲ್ಲಿ ಬರುವ ನಡುಕಕ್ಕೆ ಕಾರಣ ಹುಡುಕುತ್ತಾ ಶಾಫ್ಟನ್ನು ಮೇಲಿಂದ ಮೇಲೆ ಬ್ಯಾಲೆನ್ಸ್ ಮಾಡಿಸುತ್ತಾರೆ.

ಕಂಪ್ಯೂಟರಿನಲ್ಲಿರುವ ಮೂಲ ಫೈಲನ್ನು ಓದಿ ಎರಡು ಕಡೆ ಉಳಿಸಿಕೊಳ್ಳುವುದೂ ಈ ಹಂತದ ಕೆಲಸವೇ. ವಾಹನ ಇನ್ನೂ ಸರಿಯಾಗಿ ಸ್ಟಾರ್ಟ್ ಆಗುತ್ತಿರುವಾಗ ಓದಿದ ಫೈಲನ್ನು ಕಣ್ಣುಮುಚ್ಚಿ ನಂಬಬಹುದು.

## ಹಂತ 3: ಹಳೆಯದನ್ನು ಇಳಿಸುವುದು

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ವಾಹನವನ್ನು ಸ್ಟ್ಯಾಂಡುಗಳ ಮೇಲೆ ಏರಿಸಿ, ಆಯಿಲ್ ಖಾಲಿ ಮಾಡಿ. ನಂತರದ ಅನುಕ್ರಮ ಹೀಗಿರಲಿ: ಪ್ರೊಪೆಲ್ಲರ್ ಶಾಫ್ಟ್, ಎಕ್ಸಾಸ್ಟಿನ ಅಡ್ಡ ಕೊಳವೆ, ಕೂಲರ್ ಕೊಳವೆಗಳು, ಗೇರ್ ಕೇಬಲ್, ಕನೆಕ್ಟರುಗಳು, ಸ್ಟಾರ್ಟರ್, ಕನ್ವರ್ಟರ್ ಬೋಲ್ಟುಗಳು. ಇಷ್ಟಾದ ಮೇಲೆ ಜಾಕ್ ಕೊಟ್ಟು ಸರಪಳಿ ಬಿಗಿದು, ಕ್ರಾಸ್‌ಮೆಂಬರ್ (ಗೇರ್‌ಬಾಕ್ಸಿನ ಹಿಂಭಾಗವನ್ನು ಹೊರುವ ಅಡ್ಡಪಟ್ಟಿ) ತೆಗೆದು, ಕೊನೆಯಲ್ಲಿ ಬೆಲ್ ಹೌಸಿಂಗ್ ಬೋಲ್ಟುಗಳನ್ನು ಬಿಚ್ಚಬೇಕು. ಗೇರ್‌ಬಾಕ್ಸನ್ನು ಹಿಂದಕ್ಕೆ ಎಳೆಯುವಾಗ ಕನ್ವರ್ಟರ್ ಇಂಜಿನ್ ಕಡೆಗೇ ಅಂಟಿಕೊಂಡರೆ ಒಂದು ಬೋಲ್ಟ್ ಇನ್ನೂ ಉಳಿದಿದೆ ಎಂದರ್ಥ. ಮೀಟುಗೋಲು ಹಾಕುವ ಮೊದಲು ಮತ್ತೊಮ್ಮೆ ಎಣಿಸಿ.

ಗೇರ್‌ಬಾಕ್ಸನ್ನು ನೇರವಾಗಿ ಕೂರಿಸುವ, ಇಂಜಿನ್ನಿನ ಹಿಂಭಾಗದ ಎರಡು ಡೋವೆಲ್ ಪಿನ್ನುಗಳು ಸ್ಥಳದಲ್ಲೇ ಇವೆಯೇ ಎಂದು ಈಗಲೇ ನೋಡಿಕೊಳ್ಳಿ. ಒಂದು ಪಿನ್ ಇಲ್ಲದಿದ್ದರೂ ಗೇರ್‌ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತು, ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಗೇರ್‌ಬಾಕ್ಸಿನ ಮುಂಭಾಗದ ಆಯಿಲ್ ಪಂಪಿನ ಬುಷ್ ಮತ್ತು ಮುಂದಿನ ಸೀಲ್ ಸವೆದುಹೋಗುತ್ತವೆ. ಕ್ರ್ಯಾಂಕಿನ ಹಿಂದಿನ ಸೀಲಿನಲ್ಲಿ ತೇವ ಕಂಡರೆ ಅದನ್ನೂ ಈಗಲೇ ಬದಲಿಸಿ.

## ಹಂತ 4: ಸ್ಪೇಸರ್ ಮತ್ತು ಫ್ಲೆಕ್ಸ್‌ಪ್ಲೇಟ್

ಅತಿ ಹೆಚ್ಚು ಗೇರ್‌ಬಾಕ್ಸುಗಳು ಹಾಳಾಗುವುದು ಈ ಹಂತದ ತಪ್ಪಿನಿಂದ. 4.8 ಮತ್ತು 5.3 ಲೀಟರ್ ಇಂಜಿನ್‌ಗಳ ಕ್ರ್ಯಾಂಕಿನ ಹಿಂಭಾಗ, 4ಎಲ್80ಇಯನ್ನು ಮೊದಲು ರೂಪಿಸಿದಾಗ ಇದ್ದ ಹಳೆಯ ಇಂಜಿನ್ನುಗಳಿಗಿಂತ ಸುಮಾರು 0.400 ಇಂಚು, ಅಂದರೆ 10 ಮಿಲಿಮೀಟರಿನಷ್ಟು ಗಿಡ್ಡ. 4ಎಲ್80ಇಯ ಫ್ಲೆಕ್ಸ್‌ಪ್ಲೇಟ್ ಚಪ್ಪಟೆಯಾಗಿರುವುದರಿಂದ ಈ ಅಂತರವನ್ನು ಕ್ರ್ಯಾಂಕ್ ಮತ್ತು ಫ್ಲೆಕ್ಸ್‌ಪ್ಲೇಟಿನ ನಡುವೆ ಸ್ಪೇಸರ್ ಹಾಕಿ, ಉದ್ದನೆಯ ಬೋಲ್ಟುಗಳಿಂದ ಬಿಗಿದೇ ತುಂಬಬೇಕು. ಸ್ಪೇಸರ್ ಎರಡು ಕೆಲಸ ಮಾಡುತ್ತದೆ: ಪ್ಲೇಟನ್ನು ಸರಿಯಾದ ದೂರಕ್ಕೆ ತರುತ್ತದೆ ಮತ್ತು ಕನ್ವರ್ಟರಿನ ಇಂಜಿನ್ ಕಡೆಯ ಮೂತಿಗೆ ನಡುವಿನಲ್ಲಿ ಆಧಾರ ಕೊಡುತ್ತದೆ.

ಇಲ್ಲಿ ಒಂದು ಮೋಸ ಹೋಗುವ ಜಾಗವಿದೆ. 1999 ಮತ್ತು 2000ದ 6.0 ಲೀಟರ್ ಇಂಜಿನ್‌ಗಳಲ್ಲಿ ಕ್ರ್ಯಾಂಕಿನ ಹಿಂಭಾಗವೇ ಉದ್ದವಾಗಿತ್ತು, ಹಾಗಾಗಿ ಸ್ಪೇಸರ್ ಇರುತ್ತಿರಲಿಲ್ಲ. ಆ ವರ್ಷಗಳ ವಾಹನದಿಂದ ಗೇರ್‌ಬಾಕ್ಸ್ ತಂದವರು "ಅದರಲ್ಲಿ ಸ್ಪೇಸರ್ ಇರಲೇ ಇಲ್ಲ" ಎಂದು ಹಾಕದೆ ಬಿಡುತ್ತಾರೆ. ಆಗ ಕನ್ವರ್ಟರ್ ಮುಂದಕ್ಕೆ ಎಳೆಯಲ್ಪಟ್ಟು, ಪಂಪಿನ ಗೇರನ್ನು ಅಂಚಿನಲ್ಲಿ ಮಾತ್ರ ಹಿಡಿದುಕೊಂಡು ತಿರುಗುತ್ತದೆ. ಕೆಲವು ದಿನ ಎಲ್ಲ ಸರಿಯಿದ್ದಂತೆ ಕಾಣುತ್ತದೆ, ನಂತರ ಪಂಪ್ ಒಡೆಯುತ್ತದೆ. ಸ್ಪೇಸರಿನ ಬದಲು ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟಿನ ನಡುವೆ ದಪ್ಪ ವಾಷರುಗಳನ್ನು ತುಂಬುವುದು ಪರಿಹಾರವಲ್ಲ. ಕನ್ವರ್ಟರಿನ ಮೂತಿಗೆ ನಡುವಿನ ಆಧಾರ ಆಗಲೂ ಸಿಗುವುದಿಲ್ಲ.

ಬೋಲ್ಟುಗಳಿಗೆ ಥ್ರೆಡ್ ಲಾಕರ್ ಹಚ್ಚಿ, ಎದುರುಬದುರಾದ ಬೋಲ್ಟುಗಳನ್ನು ಸರದಿಯಂತೆ ಹಿಡಿಯುತ್ತಾ, ಮೂರು ಸುತ್ತುಗಳಲ್ಲಿ 20, 50 ಮತ್ತು 100 ನ್ಯೂಟನ್ ಮೀಟರಿಗೆ ಬಿಗಿಯಿರಿ.

## ಹಂತ 5: ಕನ್ವರ್ಟರ್ ಕೂರಿಸಿ ಗೇರ್‌ಬಾಕ್ಸ್ ಸೇರಿಸುವುದು

ಕನ್ವರ್ಟರನ್ನು ಗೇರ್‌ಬಾಕ್ಸ್ ಕಡೆಯ ಮೂತಿ ಮೇಲಾಗಿ ನಿಲ್ಲಿಸಿ ಸುಮಾರು ಒಂದು ಲೀಟರ್ ಆಯಿಲ್ ಹಾಕಿ, ಮೂತಿಗೂ ಸೀಲಿಗೂ ಆಯಿಲ್ ಸವರಿ. ಗೇರ್‌ಬಾಕ್ಸಿನ ಶಾಫ್ಟಿಗೆ ಏರಿಸಿ, ಎರಡೂ ಕೈಗಳಿಂದ ಹಿಡಿದು ಒಳಕ್ಕೆ ಮೆಲ್ಲಗೆ ಒತ್ತುತ್ತಾ ತಿರುಗಿಸಿ. ಅದು ಒಂದೇ ಸಲಕ್ಕೆ ಕೂರುವುದಿಲ್ಲ. ಒಂದೊಂದು ಹಲ್ಲಿನ ಸಾಲು ಹೊಂದಿಕೊಂಡಾಗಲೂ "ಟಕ್" ಎಂದು ಒಂದು ಮೆಟ್ಟಿಲು ಒಳಗಿಳಿದದ್ದು ಕೈಗೆ ಗೊತ್ತಾಗುತ್ತದೆ. ಕೊನೆಯದು ಪಂಪಿನ ಗೇರ್. ಎರಡನೆಯ "ಟಕ್"ಗೇ ಕೂತಿತೆಂದು ಬಿಡುವವರು ಬಹಳ. ಇನ್ನು ಒಳಕ್ಕೆ ಹೋಗುವುದಿಲ್ಲ ಎಂದು ಖಚಿತವಾಗುವವರೆಗೆ ತಿರುಗಿಸುತ್ತಲೇ ಇರಿ.

ಗೇರ್‌ಬಾಕ್ಸನ್ನು ಇಂಜಿನ್ನಿಗೆ ತರುವಾಗ ಬೆಲ್ ಹೌಸಿಂಗ್ ಕೈಯಿಂದ ತಳ್ಳಿದಷ್ಟಕ್ಕೇ ಬ್ಲಾಕಿಗೆ ಪೂರ್ತಿ ತಾಗಬೇಕು. ಸಂದು ಉಳಿದರೆ ಅದನ್ನು ಬೋಲ್ಟ್ ಬಿಗಿದು ಮುಚ್ಚಲು ಹೋಗಬೇಡಿ. ಸಂದು ಉಳಿಯುವುದಕ್ಕೆ ಕಾರಣ ಬಹುತೇಕ ಯಾವಾಗಲೂ ಪೂರ್ತಿ ಕೂರದ ಕನ್ವರ್ಟರ್, ಮತ್ತು ಬಿಗಿದ ಆ ಬೋಲ್ಟುಗಳೇ ಪಂಪನ್ನು ಒಡೆಯುತ್ತವೆ. ಗೇರ್‌ಬಾಕ್ಸನ್ನು ಹಿಂದಕ್ಕೆ ತೆಗೆದು, ಕನ್ವರ್ಟರನ್ನು ಮತ್ತೆ ಕೂರಿಸಿ.

ಬೆಲ್ ಹೌಸಿಂಗ್ ಬೋಲ್ಟುಗಳನ್ನು 50 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು. ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವಿನ ಅಂತರ ಅಳೆಯಿರಿ. ಅದು 3ರಿಂದ 5 ಮಿಲಿಮೀಟರ್ ಇರಬೇಕು. ಅಂತರವೇ ಇಲ್ಲದಿದ್ದರೆ ಕನ್ವರ್ಟರ್ ಕೂತಿಲ್ಲ; 10 ಮಿಲಿಮೀಟರಿಗೂ ಹೆಚ್ಚಿದ್ದರೆ ಸ್ಪೇಸರ್ ಬಿಟ್ಟುಹೋಗಿದೆ ಅಥವಾ ಭಾಗಗಳು ಹೊಂದುತ್ತಿಲ್ಲ. ಅಂತರ ಸರಿಯಿದ್ದರೆ ಕನ್ವರ್ಟರನ್ನು ಮುಂದಕ್ಕೆ ತಂದು, ಆರೂ ಬೋಲ್ಟುಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ನಂತರ 60 ನ್ಯೂಟನ್ ಮೀಟರಿಗೆ ಬಿಗಿಯಿರಿ. ಈ ಅಳತೆಯನ್ನು ಬರೆದಿಡದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 6: ಕ್ರಾಸ್‌ಮೆಂಬರ್ ಮತ್ತು ಪ್ರೊಪೆಲ್ಲರ್ ಶಾಫ್ಟ್

4ಎಲ್80ಇ ಉದ್ದವಾಗಿರುವುದರಿಂದ ಮೌಂಟಿನ ಜಾಗ ಹಿಂದಕ್ಕೆ ಹೋಗುತ್ತದೆ, ಕ್ರಾಸ್‌ಮೆಂಬರನ್ನೂ ಹಿಂದಕ್ಕೆ ಸರಿಸಬೇಕಾಗುತ್ತದೆ. ಚಾಸಿಯಲ್ಲಿ ಹೊಂದುವ ತೂತು ಇಲ್ಲದಿದ್ದರೆ ಹೊಸದನ್ನು ಕೊರೆಯಿರಿ, ಆದರೆ ಕೊರೆಯುವ ಕಡೆಯ ಒಳಗೆ ಬ್ರೇಕ್ ಮತ್ತು ಇಂಧನದ ಕೊಳವೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಗೇರ್‌ಬಾಕ್ಸ್ ಹಂತ 2ರಲ್ಲಿ ಬರೆದ ಕೋನಕ್ಕೆ ಬಂದ ಮೇಲಷ್ಟೇ ಮೌಂಟ್ ಬಿಗಿಯಿರಿ.

ಶಾಫ್ಟನ್ನು ಎಷ್ಟು ಗಿಡ್ಡ ಮಾಡಬೇಕೆಂದು ಇನ್ನೊಬ್ಬರ ಅಳತೆಯನ್ನು ನಂಬಿ ಕತ್ತರಿಸಬೇಡಿ, ಏಕೆಂದರೆ ಕ್ಯಾಬಿನ್ ಮತ್ತು ಹಿಂಬದಿಯ ತೊಟ್ಟಿಯ ಉದ್ದಕ್ಕೆ ತಕ್ಕಂತೆ ಅದು ಬೇರೆಯಾಗುತ್ತದೆ. ವಾಹನದ ತೂಕ ಹಿಂದಿನ ಆಕ್ಸಲಿನ ಮೇಲೆ ಇರುವಾಗ, 32 ಹಲ್ಲಿನ ಸ್ಲಿಪ್ ಯೋಕನ್ನು ಪೂರ್ತಿ ಒಳಕ್ಕೆ ತಳ್ಳಿ, ಅಲ್ಲಿಂದ ಸುಮಾರು 20ರಿಂದ 25 ಮಿಲಿಮೀಟರ್ ಹೊರಕ್ಕೆ ಎಳೆದು, ಯು-ಜಾಯಿಂಟಿನ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. ನಡುವೆ ಬೇರಿಂಗ್ ಇರುವ ಎರಡು ತುಂಡಿನ ಶಾಫ್ಟಾದರೆ ಮುಂದಿನ ತುಂಡನ್ನು ಗಿಡ್ಡ ಮಾಡಿಸಬೇಕು. ಕತ್ತರಿಸಿದ ಮೇಲೆ ಬ್ಯಾಲೆನ್ಸ್ ಮಾಡಿಕೊಡುವ ಅಂಗಡಿಗೇ ಈ ಕೆಲಸ ಕೊಡಿ.

## ಹಂತ 7: ಕೂಲರ್

ಸುಟ್ಟುಹೋದ ಹಳೆಯ ಗೇರ್‌ಬಾಕ್ಸಿನ ಕ್ಲಚ್ ಪುಡಿ ಕೂಲರಿನಲ್ಲಿ ಉಳಿದಿರುತ್ತದೆ. ಹೊಸ ಕೂಲರ್ ಹಾಕುವುದು ಲೇಸು, ಕೊಳವೆಗಳನ್ನಂತೂ ತೊಳೆಯಲೇಬೇಕು. 4ಎಲ್80ಇಯಲ್ಲಿ ಮುಂದಿನ ರಂಧ್ರದಿಂದ ಆಯಿಲ್ ಕೂಲರಿಗೆ ಹೋಗುತ್ತದೆ, ಹಿಂದಿನದರಿಂದ ಮರಳುತ್ತದೆ. ಫಿಟ್ಟಿಂಗುಗಳು ಆ ವರ್ಷದ ಗೇರ್‌ಬಾಕ್ಸಿಗೆ ಹೊಂದುವಂಥವೇ ಆಗಿರಲಿ. ಅತಿಯಾಗಿ ಬಿಗಿದರೆ ಅಲ್ಯುಮಿನಿಯಂ ಕೇಸ್ ಬಿರುಕು ಬಿಡುತ್ತದೆ, ಆ ಬಿರುಕಿಗೆ ಸುಲಭದ ರಿಪೇರಿ ಇಲ್ಲ.

## ಹಂತ 8: ವೈರಿಂಗ್

ಎರಡೂ ಗೇರ್‌ಬಾಕ್ಸುಗಳ ದುಂಡನೆಯ ಮುಖ್ಯ ಕನೆಕ್ಟರ್ ಆಕಾರದಲ್ಲಿ ಒಂದೇ. ಹಳೆಯ ಪ್ಲಗ್ ಹೊಸದಕ್ಕೆ ಲಟಕ್ಕನೆ ಕೂರುತ್ತದೆ, ಆದ್ದರಿಂದ ವೈರಿಂಗ್ ಮುಗಿಯಿತೆಂದು ತಿಳಿಯುತ್ತಾರೆ. ಮುಗಿದಿರುವುದಿಲ್ಲ. 4ಎಲ್60ಇಯಲ್ಲಿರುವ 3-2 ಸೊಲೆನಾಯ್ಡ್ (ಮೂರರಿಂದ ಎರಡನೆಯ ಗೇರಿಗೆ ಇಳಿಯುವಾಗ ಕೆಲಸ ಮಾಡುವ ವಿದ್ಯುತ್ ಕವಾಟ) 4ಎಲ್80ಇಯಲ್ಲಿ ಇಲ್ಲ, ಕನ್ವರ್ಟರ್ ಲಾಕಪ್ಪಿನ (ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜಾರದಂತೆ ನೇರ ಬೆಸೆಯುವ ಕ್ಲಚ್ಚಿನ) ವೈರ್ ಬೇರೆ ಪಿನ್ನಿಗೆ ಹೋಗಬೇಕು. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದು ಪಿನ್ನಿಗೂ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೊಂದಿಸಿ.

ಇದರ ಜೊತೆಗೆ 4ಎಲ್60ಇಯಲ್ಲಿ ಇಲ್ಲದ ಇನ್‌ಪುಟ್ ವೇಗದ ಸೆನ್ಸರ್ ಒಂದಿದೆ. ಅದರಿಂದ ಕಂಪ್ಯೂಟರಿನವರೆಗೆ ಎರಡು ಹೊಸ ವೈರುಗಳನ್ನು ಒಂದಕ್ಕೊಂದು ಹೊಸೆದು, ಎಕ್ಸಾಸ್ಟಿನಿಂದ ದೂರವಾಗಿ ಎಳೆದು, ನಕ್ಷೆ ತೋರಿಸುವ ಪಿನ್ನುಗಳಿಗೆ ಸೇರಿಸಬೇಕು. ಹಳೆಯ ಔಟ್‌ಪುಟ್ ಸೆನ್ಸರಿನ ವೈರನ್ನು ಹೊಸ ಜಾಗಕ್ಕೆ ಉದ್ದ ಮಾಡಬೇಕಾಗಬಹುದು. ಎಲ್ಲ ಜೋಡಣೆಗಳನ್ನೂ ಬೆಸುಗೆ ಹಾಕಿ ಮುಚ್ಚಿ. ಕಂಪ್ಯೂಟರಿನ ತುದಿಯಿಂದ ಸೆನ್ಸರಿನ ತುದಿಗೆ ಮಲ್ಟಿಮೀಟರಿನಲ್ಲಿ ಸಂಪರ್ಕ ಪರೀಕ್ಷಿಸಿ.

## ಹಂತ 9: ಕಂಪ್ಯೂಟರ್

ಈ ವಾಹನಗಳ ಕಂಪ್ಯೂಟರ್ ಎರಡೂ ಗೇರ್‌ಬಾಕ್ಸುಗಳನ್ನು ನಡೆಸಬಲ್ಲದು. ಎಚ್‌ಪಿ ಟ್ಯೂನರ್ಸ್ ಅಥವಾ ಇಎಫ್‌ಐ ಲೈವ್ ತಂತ್ರಾಂಶದಿಂದ, ಅದೇ ಆಪರೇಟಿಂಗ್ ಸಿಸ್ಟಂ ಸಂಖ್ಯೆಯ 4ಎಲ್80ಇ ಫೈಲಿನ ಗೇರ್‌ಬಾಕ್ಸ್ ಭಾಗವನ್ನು ಮಾತ್ರ ತೆಗೆದು ನಿಮ್ಮ ಫೈಲಿಗೆ ಸೇರಿಸಬೇಕು. ಆಮೇಲೆ ಆಕ್ಸಲ್ ಅನುಪಾತ ಮತ್ತು ಟಯರಿನ ಅಳತೆ ನಿಮ್ಮ ವಾಹನದ್ದೇ ಆಗಿದೆಯೇ ಎಂದು ನೋಡಿ. ಇಲ್ಲದಿದ್ದರೆ ಸ್ಪೀಡೊಮೀಟರ್ ತಪ್ಪು ತೋರಿಸುತ್ತದೆ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಕೊಟ್ಟಿರಬೇಕು, ನಡುವೆ ವಿದ್ಯುತ್ ತಪ್ಪಬಾರದು.

ಈ ಕೆಲಸ ಮೊದಲ ಸ್ಟಾರ್ಟಿಗೆ ಮುನ್ನವೇ ಆಗಬೇಕು. "ಟ್ಯೂನ್ ಮಾಡುವವರ ಬಳಿಗೆ ಓಡಿಸಿಕೊಂಡು ಹೋಗುತ್ತೇನೆ" ಎನ್ನುವುದು ತಪ್ಪು. ಹಳೆಯ ಫೈಲಿನೊಂದಿಗೆ ಒತ್ತಡವೂ ಗೇರುಗಳೂ ಸರಿಯಾಗಿ ಬರದೆ ಅಷ್ಟು ದೂರದಲ್ಲೇ ಕ್ಲಚ್ಚುಗಳು ಸುಡಬಹುದು.

## ಹಂತ 10: ಆಯಿಲ್ ಮತ್ತು ಮೊದಲ ಸ್ಟಾರ್ಟ್

ಪೂರ್ತಿ ಒಣಗಿದ 4ಎಲ್80ಇಗೆ ಕನ್ವರ್ಟರ್ ಸೇರಿ ಸುಮಾರು 12.8 ಲೀಟರ್ ಡೆಕ್ಸ್ರಾನ್ 6 ಆಯಿಲ್ ಹಿಡಿಯುತ್ತದೆ. ಸ್ಟಾರ್ಟಿಗೆ ಮುನ್ನ ಸುಮಾರು 6 ಲೀಟರ್ ಹಾಕಿ, ಇಂಜಿನ್ ಶುರುವಾದ ಕೂಡಲೇ ಒಬ್ಬರು ಇನ್ನೂ 2-3 ಲೀಟರ್ ಸುರಿಯಲಿ. ಬ್ರೇಕ್ ಒತ್ತಿ ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ, ಪಾರ್ಕಿಗೆ ತಂದು, ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಕೊನೆಯ ಮಟ್ಟವನ್ನು ಆಯಿಲ್ ಬಿಸಿಯಾಗಿದ್ದು ಇಂಜಿನ್ ಓಡುತ್ತಿರುವಾಗಲೇ ನೋಡಬೇಕು.

ಮುಂಭಾಗದಿಂದ ಕೀರಲು ಶಬ್ದ ಅಥವಾ ಲೋಹ ಉಜ್ಜುವ ಶಬ್ದ ಬಂದರೆ ಆ ಕ್ಷಣವೇ ಇಂಜಿನ್ ನಿಲ್ಲಿಸಿ, ಮೊದಲು ಆಯಿಲ್ ಮಟ್ಟ ನೋಡಿ, ಅದು ಸರಿಯಿದ್ದರೆ ಹಂತ 5ರ ಅಳತೆಗೆ ಮರಳಿ.

## ಹಂತ 11: ರಸ್ತೆಯಲ್ಲಿ ಪರೀಕ್ಷೆ

ಸ್ಕ್ಯಾನರ್ ಹಚ್ಚಿಕೊಂಡೇ ಹೊರಡಿ. ಮೊದಲ ಗೇರಿನಲ್ಲಿ ಇನ್‌ಪುಟ್ ವೇಗವನ್ನು ಔಟ್‌ಪುಟ್ ವೇಗದಿಂದ ಭಾಗಿಸಿದರೆ 2.48, ಎರಡನೆಯದರಲ್ಲಿ 1.48, ಮೂರನೆಯದರಲ್ಲಿ 1.00 ಬರಬೇಕು. ನಾಲ್ಕನೆಯ ಗೇರಿನಲ್ಲಿ ಲಾಕಪ್ ಆದ ಮೇಲೆ ಇಂಜಿನ್ ಸುತ್ತನ್ನು ಔಟ್‌ಪುಟ್ ಸುತ್ತಿನಿಂದ ಭಾಗಿಸಿ, 0.75ರ ಹತ್ತಿರ ಇರಬೇಕು. ಯಾವುದಾದರೂ ಗೇರಿನಲ್ಲಿ ಈ ಅಂಕಿ ಏರುತ್ತಾ ಹೋದರೆ ಅಲ್ಲಿ ನಿಜವಾಗಿಯೂ ಸ್ಲಿಪ್ ಇದೆ.

ವಾಹನ ಸದಾ ಎರಡನೆಯ ಗೇರಿನಲ್ಲೇ ಹೊರಟು, ಗೇರ್ ಹಾಕಿದಾಗ ಜೋರಾಗಿ ಗುದ್ದಿದಂತಾದರೆ ಗೇರ್‌ಬಾಕ್ಸನ್ನು ಬಿಚ್ಚಲು ಹೋಗಬೇಡಿ. ವಿದ್ಯುತ್ ತಲುಪದಿದ್ದಾಗ 4ಎಲ್80ಇ ಎರಡನೆಯ ಗೇರಿನಲ್ಲಿ, ಗರಿಷ್ಠ ಒತ್ತಡದಲ್ಲಿ ನಿಲ್ಲುವಂತೆ ಮಾಡಲಾಗಿದೆ. ಫ್ಯೂಸ್, ಮುಖ್ಯ ಕನೆಕ್ಟರ್ ಮತ್ತು ಅರ್ಥಿಂಗ್ ನೋಡಿ. ಸ್ಕ್ಯಾನರಿನಲ್ಲಿ ಪಿ0716 ಅಥವಾ ಪಿ0717 ಎಂಬ ದೋಷ ಸಂಕೇತ ಬಂದರೆ ಹೊಸದಾಗಿ ಎಳೆದ ಇನ್‌ಪುಟ್ ಸೆನ್ಸರಿನ ವೈರುಗಳನ್ನು, ಪಿ0722 ಬಂದರೆ ಔಟ್‌ಪುಟ್ ಸೆನ್ಸರಿನ ವೈರುಗಳನ್ನು, ಪಿ0741 ಬಂದರೆ ಲಾಕಪ್ಪಿನ ಪಿನ್ನನ್ನು ಮೊದಲು ಪರೀಕ್ಷಿಸಿ. ಆಯಿಲಿನ ಉಷ್ಣತೆ ಸಾಮಾನ್ಯ ಓಟದಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರಬೇಕು. 120 ದಾಟಿದರೆ ವಾಹನ ನಿಲ್ಲಿಸಿ, ಕೂಲರಿನ ಮೂಲಕ ಆಯಿಲ್ ಹರಿಯುತ್ತಿದೆಯೇ ಎಂದು ಮರಳುವ ಕೊಳವೆಯಲ್ಲಿ ಪರೀಕ್ಷಿಸಿ.

ಮೊದಲ ಕೆಲವು ನೂರು ಕಿಲೋಮೀಟರ್ ಟ್ರೇಲರ್ ಕಟ್ಟಬೇಡಿ. ಅಷ್ಟಾದ ಮೇಲೆ ವಾಹನವನ್ನು ಮತ್ತೆ ಎತ್ತಿ ಮೌಂಟ್, ಕ್ರಾಸ್‌ಮೆಂಬರ್ ಮತ್ತು ಶಾಫ್ಟಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಿ, ಕೂಲರ್ ಫಿಟ್ಟಿಂಗುಗಳ ಸುತ್ತ ಮತ್ತು ಬೆಲ್ ಹೌಸಿಂಗಿನ ಕೆಳತುದಿಯಲ್ಲಿ ಆಯಿಲ್ ಜಿನುಗುತ್ತಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡಿ.